ಗೋಡೆಗೆ ಮೊಳೆ ಹೊಡೆದ ಸರಪಳಿ

ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಹತ್ತಿರದ ಒಂದು ಪಬ್‌ಗೆ ಟೀಮ್ ಲಂಚ್ ಅಂತ ಹೋಗಿದ್ವಿ. ಒಳಗೆ ಕಾಲಿಟ್ಟರೆ ಯಾವುದೋ ಹಳೇ ಹಡಗಿನ ಇಂಜಿನ್ ರೂಮಿಗೆ ಬಂದ ಹಾಗಿತ್ತು. ತಲೆ ಮೇಲೆ ತಾಮ್ರದ ಪೈಪು, ಗೋಡೆ ತುಂಬಾ ಹಲ್ಲುಚಕ್ರ, ಪ್ರೆಶರ್ ಗೇಜು. ಬಲ್ಬಿನೊಳಗೆ ಕೆಂಪಗೆ ಹೊಳೆಯುವ ತಂತಿ. ಬಿಯರ್ ಬರೋ ನಲ್ಲಿಗೂ ರೈಲು ಇಂಜಿನ್ನಿನ ಹಿಡಿಕೆ. "ಸ್ಟೀಮ್‌ಪಂಕ್ ಥೀಮ್ ಕಣೋ" ಅಂದಳು ನಮ್ಮ ಡಿಸೈನರ್. ಅವಳು ವರ್ಷಕ್ಕೊಮ್ಮೆ ಕಾಸ್‌ಪ್ಲೇಗೆ ಡ್ರೆಸ್ ಹೊಲಿಸಿಕೊಳ್ಳುವವಳು, ಅವಳಿಗೆ ಇದೆಲ್ಲ ಗೊತ್ತು.

ನನ್ನ ಕಣ್ಣು ಮಾತ್ರ ವಾಶ್‌ರೂಮ್ ಪಕ್ಕದ ಗೋಡೆ ಮೇಲೆ ನಿಂತುಬಿಟ್ಟಿತು. ಅಲ್ಲೊಂದು ಕಬ್ಬಿಣದ ಸರಪಳಿಯನ್ನ ಹಾವಿನ ಹಾಗೆ ಸುತ್ತಿಸಿ ಮೊಳೆ ಹೊಡೆದಿದ್ದರು. ಎರಡು ತುದಿಗೂ ಹಿತ್ತಾಳೆ ಹಿಡಿ, ನಡುನಡುವೆ ಹಿತ್ತಾಳೆ ಬಿಲ್ಲೆ. ಅದು ಸರ್ವೆ ಸರಪಳಿ. ನಮ್ಮಪ್ಪನ ಕಣ್ಣಿಗೆ ಬಿದ್ದಿದ್ದರೆ ಆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಕತೆಗೆ ಆಮೇಲೆ ಬರ್ತೀನಿ. ಮೊದಲು ಈ ಸ್ಟೀಮ್‌ಪಂಕ್ ಅನ್ನೋದು ಏನು ಅಂತ ನೋಡೋಣ, ಯಾಕಂದ್ರೆ ಅವತ್ತು ನನಗೂ ಗೊತ್ತಿರಲಿಲ್ಲ. ಪೆಟ್ರೋಲು, ಟ್ರಾನ್ಸಿಸ್ಟರು ಬರದೇ ಹೋಗಿದ್ದರೆ, ಲೋಕವೆಲ್ಲ ಆವಿ ಮತ್ತು ಹಲ್ಲುಚಕ್ರದ ಮೇಲೇ ಮುಂದುವರಿದಿದ್ದರೆ ಹೇಗಿರುತ್ತಿತ್ತು ಅನ್ನೋ ಕಲ್ಪನೆ. ಹೆಸರು ಇಟ್ಟವನು ಕೆ. ಡಬ್ಲ್ಯು. ಜೀಟರ್ ಅನ್ನೋ ಅಮೆರಿಕದ ಕಾದಂಬರಿಕಾರ, 1987ರಲ್ಲಿ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ, ಅದೂ ಅರ್ಧ ತಮಾಷೆಗೆ. ಹೆಸರು ಹೊಸದು, ಸರಕು ಹಳೇದು. ಜೂಲ್ಸ್ ವರ್ನ್ 1880ರಲ್ಲೇ ಆವಿಯಿಂದ ನಡೆಯುವ ಉಕ್ಕಿನ ಆನೆಯೊಂದನ್ನ ಬರೆದಿದ್ದ. ಆ ಆನೆ ಹಿಂದೆ ಎರಡು ಮನೆಗಳನ್ನ ಕಟ್ಟಿಕೊಂಡು ಎಳೆದುಕೊಂಡು ಹೋಗುತ್ತೆ, ಓಡಾಡೋದು ನಮ್ಮ ಇಂಡಿಯಾದಲ್ಲೇ, ಕಲ್ಕತ್ತೆಯಿಂದ ಹಿಮಾಲಯದ ಕಡೆಗೆ. ಒಳಗೆ ಕೂತು ಸಿಗಾರ್ ಸೇದುವವರು ಬಿಳಿಯರು, ಹೊರಗೆ ನಿಂತು ಬಾಯಿ ಬಿಟ್ಟು ನೋಡುವವರು ನಾವು.

ಫ್ಯಾಶನ್ನೂ ಅಷ್ಟೇ. ಕಾರ್ಸೆಟ್, ವೇಸ್ಟ್‌ಕೋಟ್, ಹಿತ್ತಾಳೆ ಚೌಕಟ್ಟಿನ ಗಾಗಲ್ಸ್, ಮೇಲೊಂದು ಸೋಲಾ ಟೋಪಿ. ಈ ಸೋಲಾ ಟೋಪಿ ಬಿಸಿಲಿಗೆ ಅಂತ ಹೆಸರಾದದ್ದರಿಂದ ಸೋಲಾರ್‌ಗೆ ಸಂಬಂಧ ಅಂದುಕೊಂಡವರು ಬಹಳ. ಅಲ್ಲ. ಶೋಲಾ ಅನ್ನೋದು ಬಂಗಾಳದ ಜೌಗಿನಲ್ಲಿ ಬೆಳೆಯುವ ಗಿಡ, ಅದರ ಬೆಂಡಿನಿಂದ ಮಾಡಿದ ಟೋಪಿ ಅದು. ಅಂದ್ರೆ ಲಂಡನ್ ಸಾಹೇಬನ ಗತ್ತು ನಿಂತಿದ್ದದ್ದು ನಮ್ಮ ಕೆರೆಯ ಬೆಂಡಿನ ಮೇಲೆ. ನಮ್ಮ ಡಿಸೈನರ್‌ಗೆ ಹೇಳಿದೆ, ಅವಳಿಗೆ ಖುಷಿಯಾಯ್ತು. ಅವಳಿಗೆ ಮುಂದಿನ ಡ್ರೆಸ್‌ಗೆ ಹಲ್ಲುಚಕ್ರ ಬೇಕಿತ್ತು. ಆನ್‌ಲೈನ್‌ನಲ್ಲಿ ಸಿಗೋದು ಪ್ಲಾಸ್ಟಿಕ್. ಹಾಗಾಗಿ ಒಂದು ಭಾನುವಾರ ಶಿವಾಜಿನಗರದ ಗುಜರಿಗೆ ಹೋದ್ವಿ.

ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಗಳಲ್ಲಿ ಗುಜರಿ ಅಂಗಡಿಗಳ ಸಾಲಿದೆ. ಸತ್ತ ಗಾಡಿಗಳೆಲ್ಲ ಅಂಗಾಂಗವಾಗಿ ಬಿಡಿಬಿಡಿಯಾಗಿ ಸಿಗುವ ಜಾಗ. ಇವಳು ಒಂದು ಹಿತ್ತಾಳೆ ಚಕ್ರ ಎತ್ತಿಕೊಂಡು "ಓಲ್ಡ್ ಕ್ಲಾಕ್‌ದಾ?" ಅಂದಳು. ಅಂಗಡಿ ಭಾಯ್ ನಕ್ಕು, "ಇಲ್ಲಮ್ಮಾ, ಅದು ಪಂಪಿಂದು. ಗಡಿಯಾರ ಬೇಕಂದ್ರೆ ಗಡಿಯಾರದ್ದೇ ಅಂತೀನಿ, ಇನ್ನೂರು ಜಾಸ್ತಿ ಆಗುತ್ತೆ" ಅಂದರು. ಅಲ್ಲಿ ಎರಡು ರೇಟು. ಕರಗಿಸೋದಕ್ಕೆ ಒಯ್ಯುವವರಿಗೆ ತೂಕದ ಲೆಕ್ಕ, ಗೋಡೆಗೆ ಹಾಕುವವರಿಗೆ ಪೀಸಿನ ಲೆಕ್ಕ. ಒಂದೇ ವಸ್ತು ಯಾರ ಕೈಲಿ ಹೋಗುತ್ತೆ ಅನ್ನೋದರ ಮೇಲೆ ಗುಜರಿಯೋ ಆ್ಯಂಟಿಕ್ಕೋ ಆಗುತ್ತೆ. "ಸರ್ವೆ ಸರಪಳಿ ಬರುತ್ತಾ ಭಾಯ್?" ಅಂತ ಕೇಳಿದೆ. "ಮೊದಲು ಕಬ್ಬಿಣದ ತೂಕಕ್ಕೆ ಬರ್ತಿತ್ತು. ಈಗ ಹೋಟೆಲ್‌ನವರು ಬಿಡಲ್ಲ" ಅಂದರು.

ಅವತ್ತಿಂದ ನನಗೊಂದು ಹುಚ್ಚು ಹತ್ತಿತು. ಈ ಪಬ್‌ನವರು ಕಲ್ಪನೆಯ ಹಿತ್ತಾಳೆ ಯುಗವನ್ನ ಗೋಡೆಗೆ ಅಂಟಿಸ್ತಾರೆ. ಆದ್ರೆ ಇದೇ ದಂಡು ಪ್ರದೇಶದಲ್ಲಿ, ಇದೇ ಹಲಸೂರು ಶಿವಾಜಿನಗರದ ಸುತ್ತ, ನಿಜವಾದ ಹಿತ್ತಾಳೆ ಯುಗ ನಡೆದುಹೋಗಿದೆಯಲ್ಲ, ಅದರಲ್ಲಿ ಏನೇನು ಇತ್ತು?

ಒಂದು ವಸ್ತು ನಿಮಗೆ ಗೊತ್ತಿಲ್ಲದೇ ಗೊತ್ತಿದೆ. 'ಸೇವಿಂಗ್ ಪ್ರೈವೇಟ್ ರಯಾನ್' ಸಿನಿಮಾ ನೋಡಿದ್ದೀರಲ್ಲ? ಶುರುವಿನ ಒಮಾಹಾ ಬೀಚ್ ಕಾಳಗದಲ್ಲಿ ಸೈನಿಕರು "ಬ್ಯಾಂಗಲೋರ್ಸ್!" ಅಂತ ಕೂಗ್ತಾರೆ. ಹಾಸ್ಟೆಲಿನಲ್ಲಿ ಮೊದಲ ಸಲ ನೋಡಿದಾಗ ನಾವೆಲ್ಲ ರಿವೈಂಡ್ ಮಾಡಿ ಮಾಡಿ ಕೇಳಿದ್ವಿ. ಅದು ಬ್ಯಾಂಗಲೋರ್ ಟಾರ್ಪೆಡೊ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಅನ್ನುವವನು ಬೆಂಗಳೂರಿನಲ್ಲಿ ರೂಪಿಸಿದ್ದು. ಆ ಸ್ಯಾಪರ್ಸ್ ಅಂದ್ರೆ ಈಗ ಹಲಸೂರು ಕೆರೆ ದಡದಲ್ಲಿರೋ ಎಂಇಜಿ, ಅವರ ಕೇಂದ್ರ ಬೆಂಗಳೂರಿಗೆ ಬಂದದ್ದು 1834ರಲ್ಲಿ.

ಅದರ ಮೆಕ್ಯಾನಿಸಂ ಎಷ್ಟು ಸರಳ ಅಂದ್ರೆ ನಗು ಬರುತ್ತೆ. ಅದು ಪೈಪು. ಐದಡಿ ಉದ್ದದ ಪೈಪಿನ ತುಂಡುಗಳು, ಒಳಗೆ ಸಿಡಿಮದ್ದು. ಒಂದರ ಬಾಲಕ್ಕೆ ಇನ್ನೊಂದನ್ನ ಜೋಡಿಸ್ತಾ ಹೋಗೋದು, ನಲ್ಲಿ ಪೈಪು ಜೋಡಿಸಿದ ಹಾಗೆ. ಮುಂದಿನ ತುದಿಗೆ ಗುಂಡಗಿನ ಮೂತಿ, ಮುಳ್ಳುತಂತಿಗೆ ಸಿಕ್ಕಿಕೊಳ್ಳಬಾರದು ಅಂತ. ನೀವು ಸುರಕ್ಷಿತವಾಗಿ ಹಿಂದೆ ಮಲಗಿಕೊಂಡು, ಬೇಲಿಯ ಕೆಳಗೆ ಉದ್ದಕ್ಕೂ ತಳ್ಳಿ ಸಿಡಿಸಿದರೆ ಜನ ನುಗ್ಗುವಷ್ಟು ದಾರಿ ಆಗುತ್ತೆ. ಬೋಯರ್ ಯುದ್ಧ, ರಷ್ಯಾ-ಜಪಾನ್ ಯುದ್ಧ ಮುಗಿದ ಮೇಲೂ ಉಳಿದಿದ್ದ ಅಡೆತಡೆಗಳನ್ನ, ಸಿಡಿಯದ ಬಲೆಗಳನ್ನ ದೂರದಿಂದ ನಾಶ ಮಾಡೋದಕ್ಕೆ ಅಂತ ಹುಟ್ಟಿದ ಉಪಾಯ. ಎರಡು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು, ಯುರೋಪಿನ ಅರ್ಧ ನೆಲಕ್ಕೆ ಮುಳ್ಳುತಂತಿ ಹಬ್ಬಿತು, ಬೆಂಗಳೂರಿನ ಪೈಪಿಗೆ ಡಿಮಾಂಡೋ ಡಿಮಾಂಡು. 1944ರ ನಾರ್ಮಂಡಿಗೂ ಅದೇ ಪೈಪು. ಪಬ್‌ನ ತಾಮ್ರದ ಪೈಪಿನಲ್ಲಿ ಏನೂ ಹರಿಯಲ್ಲ, ಅಲಂಕಾರಕ್ಕೆ. ಅಲ್ಲಿಂದ ಎರಡೋ ಮೂರೋ ಕಿಲೋಮೀಟರಿನ ಆಚೆ ಹುಟ್ಟಿದ ಪೈಪಿನಿಂದ ಎಷ್ಟು ಜನ ಬದುಕಿದರು, ಎಷ್ಟು ಜನ ಸತ್ತರು ಅಂತ ಲೆಕ್ಕ ಹಾಕೋದೂ ಕಷ್ಟ.

ರೈಲಿನ ಬಗ್ಗೆ ಜಾಸ್ತಿ ಹೇಳಲ್ಲ. 1864ರ ಆಗಸ್ಟ್ 1ಕ್ಕೆ ದಂಡಿನಿಂದ ಜೋಲಾರಪೇಟೆಗೆ ಲೈನು ತೆರೆಯಿತು. ನಾನು ಕೋಲಾರ ಜಿಲ್ಲೆಯವನು, ಬಿ.ಇ. ಓದಲು ಟ್ರಂಕು ಹೊತ್ತು ಬಂದದ್ದು ಇದೇ ಲೈನಿನಲ್ಲಿ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತಿ. ಕೆ.ಆರ್. ಪುರಂ ಬಂತು ಅಂದ್ರೆ ಎದ್ದು ಬಾಗಿಲಿಗೆ ಬರೋದು, ಕಂಟೋನ್ಮೆಂಟ್‌ನಲ್ಲಿ ಇಳಿಯೋದು. ಆವಿ ಇಂಜಿನ್ ನಾನು ನೋಡಿಲ್ಲ. ನಮ್ಮಜ್ಜಿ ನೋಡಿದ್ದಳು, ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳುತ್ತೆ ಅಂತ ನನ್ನನ್ನೂ ಒಳಗೆ ಎಳೀತಿದ್ದಳು, ಡೀಸೆಲ್ ಇಂಜಿನ್ ಬಂದು ಎಷ್ಟೋ ವರ್ಷ ಆಗಿದ್ದರೂ.

ಇನ್ನು ಸರಪಳಿ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನುವ ಮಾತು ಕಮ್ಮಿಯ, ಗಣಿತದ ಹುಚ್ಚಿನ ಅಧಿಕಾರಿಯೊಬ್ಬನಿದ್ದ. ಯುದ್ಧ ಮುಗಿದ ಮೇಲೆ ಈ ದೇಶವನ್ನ ತ್ರಿಕೋನಗಳಿಂದ ಅಳೀತೀನಿ ಅಂತ ಅರ್ಜಿ ಹಾಕಿದ. ಹೈಸ್ಕೂಲ್ ಗಣಿತವೇ: ತ್ರಿಕೋನದ ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದದ್ದೆಲ್ಲ ಲೆಕ್ಕದಲ್ಲಿ ಸಿಗುತ್ತೆ. ಸಾವನದುರ್ಗದಂಥ ಬೆಟ್ಟ ಹತ್ತಿ ಕೋನ ನೋಡಬಹುದು. ಆದರೆ ಆ ಮೊದಲ ಒಂದು ಬಾಹು ಇದೆಯಲ್ಲ, ಅದನ್ನ ಮಾತ್ರ ನೆಲದ ಮೇಲೆ ಕೈಯಿಂದಲೇ ಅಳೀಬೇಕು. ಅಲ್ಲಿ ಒಂದು ಕೂದಲು ತಪ್ಪಿದರೆ ಹಿಮಾಲಯದ ಹೊತ್ತಿಗೆ ಊರೇ ತಪ್ಪುತ್ತೆ.

ಲ್ಯಾಂಬ್ಟನ್ ಆ ಮೊದಲ ಗೆರೆಯನ್ನ ಎಳೆದದ್ದು ನಮ್ಮ ಬೆಂಗಳೂರಿನ ಬಯಲಿನಲ್ಲಿ, 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ. ಉದ್ದ ಏಳೂವರೆ ಮೈಲಿಗೆ ಸ್ವಲ್ಪ ಕಮ್ಮಿ. ಇವತ್ತು ಅಷ್ಟು ದೂರವನ್ನ ಸಿಲ್ಕ್ ಬೋರ್ಡ್ ಕಡೆಯಿಂದ ಕ್ರಮಿಸೋದಕ್ಕೂ ಹೆಚ್ಚುಕಮ್ಮಿ ಅಷ್ಟೇ ದಿನ ಬೇಕು ಅಂತ ಆಫೀಸಿನಲ್ಲಿ ಜೋಕು ಮಾಡ್ತೀವಿ, ಬಿಡಿ.

ಅವನ ಕೈಲಿದ್ದ ಸರಪಳಿಯದ್ದೇ ಒಂದು ಕಾದಂಬರಿ. ಲಂಡನ್ನಿನ ಜೆಸ್ಸಿ ರ್‍ಯಾಮ್ಸ್‌ಡನ್ ಮಾಡಿದ್ದು, ಉಕ್ಕಿನದು, ಎರಡೂವರೆ ಅಡಿಯ 40 ಕಂಬಿಗಳು ಸೇರಿ ಒಟ್ಟು 100 ಅಡಿ. ಮಾಡಿದ್ದು ಇಂಡಿಯಾಕ್ಕಲ್ಲ, ಚೀನಾ ಚಕ್ರವರ್ತಿಗೆ ಉಡುಗೊರೆ ಕೊಡಲು. 1793ರಲ್ಲಿ ಲಾರ್ಡ್ ಮೆಕಾರ್ಟ್ನಿ ಹೊತ್ತುಕೊಂಡು ಹೋದ ಸಾಮಾನಿನಲ್ಲಿ ಇದೂ ಇತ್ತು. ಚಕ್ರವರ್ತಿಗೆ ನಿಮ್ಮ ಆಟಿಕೆ ಬೇಡ ಅನ್ನಿಸಿತು. ಜೊತೆಗಿದ್ದ ವಿಜ್ಞಾನಿ ಡಿನ್‌ವಿಡಿ ಅದನ್ನ ಕಲ್ಕತ್ತೆಗೆ ತಂದ, ಅಲ್ಲಿಂದ ಲ್ಯಾಂಬ್ಟನ್ ಕೈಗೆ ಬಂತು. ಬೀಜಿಂಗ್‌ನಲ್ಲಿ ಗುಜರಿಯಾದದ್ದು ಬೆಂಗಳೂರಿನಲ್ಲಿ ಭೂಮಿಯ ಆಕಾರ ಅಳೆಯಲು ಹೊರಟಿತು. ನೂರು ಅಡಿ! ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿಗೆ ಅಡ್ಡಡ್ಡ ಚಾಚಿದರೆ, ಹೆಸರು ಸುಳ್ಳಲ್ಲದಿದ್ದರೆ, ಒಂದು ಸರಪಳಿ.

ಅದನ್ನ ನೆಲದ ಮೇಲೆ ಹಾಗೇ ಎಳೆಯುತ್ತಿರಲಿಲ್ಲ. ಮರದ ದೋಣಿಗಳನ್ನ ಮುಕ್ಕಾಲಿಗಳ ಮೇಲೆ ಸಮನಾಗಿ ಇಟ್ಟು, ಅದರಲ್ಲಿ ಸರಪಳಿ ಮಲಗಿಸಿ, ತುದಿಗೆ 28 ಪೌಂಡ್ ತೂಕ ಕಟ್ಟಿ ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಎಳೆಯೋದು. ಜೊತೆಗೆ ಥರ್ಮಾಮೀಟರ್. ಬಿಸಿಲಿಗೆ ಉಕ್ಕು ಹಿಗ್ಗುತ್ತೆ, ಆ ಹಿಗ್ಗಿದ್ದನ್ನ ಲೆಕ್ಕದಲ್ಲಿ ಕಳೀಬೇಕು. ಸುಮಾರು ನಾನೂರು ಸಲ ಹೀಗೆ. ಲ್ಯಾಂಬ್ಟನ್ ಹೆಸರು ಎಲ್ಲ ಪುಸ್ತಕದಲ್ಲಿದೆ. ಎಂಟು ವಾರ ಮುಕ್ಕಾಲಿ ಎತ್ತಿ ಇಟ್ಟವರ, ಬಾವುಟ ಹಿಡಿದು ನಿಂತವರ ಹೆಸರು ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕೋನ ಅಳೆಯುವ ಯಂತ್ರ ಇನ್ನೂ ಮಜವಾಗಿದೆ. ವಿಲಿಯಂ ಕ್ಯಾರಿ ಮಾಡಿದ ಥಿಯೋಡೊಲೈಟ್, ಅರ್ಧ ಟನ್ ಭಾರ, ಮೂರಡಿ ಅಗಲದ ಹಿತ್ತಾಳೆ ಚಕ್ರ, ಸೂಕ್ಷ್ಮದರ್ಶಕಗಳು. ಯಾವ ಸ್ಟೀಮ್‌ಪಂಕ್ ಕಲಾವಿದನೂ ಇಷ್ಟು ಚೆಂದದ್ದನ್ನ ಬರೆದಿಲ್ಲ. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರು ಹಡಗು ಹಿಡಿದು ಯಂತ್ರವನ್ನ ಮಾರಿಷಸ್‌ಗೆ ಒಯ್ದರು. ಇದು ವಿಜ್ಞಾನಕ್ಕೆ ಅಂತ ಗೊತ್ತಾಗಿ ಮರ್ಯಾದೆಯಿಂದ ವಾಪಸ್ ಕಳಿಸಿದರು. 1808ರಲ್ಲಿ ತಂಜಾವೂರಿನ ಗುಡಿಯ ಗೋಪುರಕ್ಕೆ ಎತ್ತುವಾಗ ಹಗ್ಗ ಕಿತ್ತು ಗೋಡೆಗೆ ಬಡಿದು ಚಕ್ರ ನೆಗ್ಗಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ಅದನ್ನ ತಟ್ಟಿ ತಟ್ಟಿ ಸರಿ ಮಾಡಿದ. ಪ್ರೊಡಕ್ಷನ್ ಸರ್ವರ್ ಕೆಡವಿ ರಾತ್ರಿಯೆಲ್ಲ ಕೂತವರಿಗೆ ಆ ಡೇರೆಯೊಳಗಿನ ಮುಖ ಹೇಗಿತ್ತು ಅಂತ ಗೊತ್ತಾಗುತ್ತೆ.

1804ರಲ್ಲಿ ಮತ್ತೆ ಬೆಂಗಳೂರಿನಲ್ಲಿ ಪರೀಕ್ಷೆಯ ಗೆರೆ. ಮದ್ರಾಸಿನಿಂದ ತ್ರಿಕೋನ ಜೋಡಿಸುತ್ತಾ ಬಂದು, ಈ ಗೆರೆ ಇಷ್ಟು ಉದ್ದ ಇರಬೇಕು ಅಂತ ಕಾಗದದಲ್ಲಿ ಮೊದಲೇ ಹೇಳೋದು, ಆಮೇಲೆ ನೆಲದಲ್ಲಿ ಅಳೆದು ನೋಡೋದು. ಇನ್ನೂರು ಮೈಲಿ ದೂರದಿಂದ ಬಂದ ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲದೊಳಗೆ. ಅಳೆದವನು ಜಾನ್ ವಾರನ್. ಇದೇ ವಾರನ್ 1802ರಲ್ಲಿ ನಮ್ಮ ಕೋಲಾರದ ಕಡೆ ಗಡಿ ಸರ್ವೆಗೆ ಬಂದಾಗ, ಊರಿಗಂ ಮಾರಿಕುಪ್ಪಂ ಜನ ಮಣ್ಣು ತೊಳೆದು ಚಿನ್ನ ತೆಗೆಯೋದನ್ನ ನೋಡಿ ವರದಿ ಬರೆದವನು. ಮುಂದೆ ಕೆಜಿಎಫ್ ಆಯ್ತು. 1902ರಲ್ಲಿ ಆ ಗಣಿಯ ಯಂತ್ರಗಳಿಗೆ ಅಂತಲೇ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದರು, ಬೆಂಗಳೂರಿನ ಬೀದಿಗೆ ಕರೆಂಟು ಬಂದದ್ದು ಆಮೇಲೆ, 1905ರಲ್ಲಿ.

ಅರವತ್ತು ವರ್ಷ ಕಳೆದು 1868ರ ಹೊತ್ತಿಗೆ ಬೆಂಗಳೂರಿನ ಗೆರೆಯನ್ನ ಮತ್ತೆ ಅಳೆದರು, ಈ ಸಲ ಸರಪಳಿ ಇಲ್ಲ, ಕೋಲ್ಬಿ ಪಟ್ಟಿ. ಎಂಜಿನಿಯರ್ ಆಗಿ ಹೇಳ್ತೀನಿ, ಇದಕ್ಕಿಂತ ಜಾಣ ಸಾಧನ ನಾನು ಕಂಡಿಲ್ಲ. ಹತ್ತಡಿಯ ಹಿತ್ತಾಳೆ ಪಟ್ಟಿ ಒಂದು, ಕಬ್ಬಿಣದ್ದೊಂದು, ಅಕ್ಕಪಕ್ಕ ಮಲಗಿಸಿ ನಡುವೆ ಬಿಗಿದಿರ್ತಾರೆ. ತುದಿಗಳಲ್ಲಿ ಎರಡನ್ನೂ ಸೇರಿಸೋ ತಿರುಗುವ ನಾಲಿಗೆ. ಬಿಸಿಲೇರಿದರೆ ಎರಡೂ ಹಿಗ್ಗುತ್ತವೆ, ಹಿತ್ತಾಳೆ ಜಾಸ್ತಿ, ಕಬ್ಬಿಣ ಕಮ್ಮಿ. ಆಗ ನಾಲಿಗೆ ಓರೆಯಾಗುತ್ತೆ. ಹಿಗ್ಗುವ ಪ್ರಮಾಣ ನೋಡಿ ಆ ನಾಲಿಗೆಯ ಮೇಲೆ ಸರಿಯಾದ ಜಾಗದಲ್ಲಿ ಚುಕ್ಕಿ ಇಟ್ಟಿದ್ದರೆ, ಪಟ್ಟಿ ಎಷ್ಟೇ ಹಿಗ್ಗಲಿ ಕುಗ್ಗಲಿ, ಎರಡು ತುದಿಯ ಚುಕ್ಕಿಗಳ ನಡುವಿನ ದೂರ ಅಲ್ಲಾಡಲ್ಲ. ಎರಡು ತಪ್ಪುಗಳನ್ನ ಜೋಡಿಸಿ ಒಂದು ಸರಿ ಮಾಡಿದ್ದಾನೆ. ಬ್ಯಾಟರಿ ಇಲ್ಲ, ಕೋಡ್ ಇಲ್ಲ. ಗೆರೆಯ ಒಂದು ತುದಿ ಈಗಿನ ಮೇಖ್ರಿ ಸರ್ಕಲ್‌ನಲ್ಲಿ, ಇನ್ನೊಂದು ತುದಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ.

ಇಷ್ಟನ್ನ ಓದ್ತಾ ಇದ್ದಾಗ ಒಂದು ರಾತ್ರಿ ನನಗೆ ನಮ್ಮ ಹೊಲ ನೆನಪಾಯ್ತು.

ನಾನು ಎಂಟನೇ ಕ್ಲಾಸು. ಅಪ್ಪನಿಗೂ ದೊಡ್ಡಪ್ಪನಿಗೂ ಬದುವಿನ ತಕರಾರು. ಅಪ್ಪ ದುಡ್ಡು ಕಟ್ಟಿ ಅಳತೆಗೆ ಹಾಕಿದ್ದರು. ಸರ್ವೆಯವರು ಸರಪಳಿ ತಂದರು. ನಮ್ಮ ಕಡೆಯ ಸರಪಳಿ 33 ಅಡಿ, 16 ಆಣೆ. ಸರಪಳಿಯುದ್ದ ಸರಪಳಿಯಗಲ ಆದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ, 1860ರ ದಶಕದಲ್ಲಿ ಮೈಸೂರಿಗೆ ಬಂದ ರೆವಿನ್ಯೂ ಸರ್ವೆಯ ಲೆಕ್ಕ. ಪಹಣಿಯಲ್ಲಿ ನಮ್ಮದು ಎರಡೆಕರೆ, ಅಂದ್ರೆ ಎಂಬತ್ತು ಗುಂಟೆ. ಅಳೆದರೆ ಅರ್ಧ ಗುಂಟೆಯಷ್ಟು ಕಮ್ಮಿ ಬಂತು. "ಒತ್ತುವರಿ ಆಗಿದೆ" ಅಂತ ಅಪ್ಪ ದೊಡ್ಡಪ್ಪನ ಕಡೆ ಕೈ ತೋರಿಸಿದರು. "ನಿನ್ನ ಮನೆ ಹಾಳಾಗ, ಅಪ್ಪ ಹಾಕಿದ ಬದು ಕಣೋ ಇದು" ಅಂದರು ದೊಡ್ಡಪ್ಪ. ಅವತ್ತಿಂದ ಮಾತು ನಿಂತಿತು. ಹಬ್ಬಕ್ಕೂ ಇಲ್ಲ, ಅಕ್ಕನ ಮದುವೆಗೂ ಇಲ್ಲ. ನನಗೆ ಕೆಲಸ ಸಿಕ್ಕ ವರ್ಷ ದೊಡ್ಡಪ್ಪ ತೀರಿಕೊಂಡರು. ಅಪ್ಪ ಮಣ್ಣಿಗೆ ಹೋದರು, ಆದರೆ ದೂರ ನಿಂತಿದ್ದರು.

ಲ್ಯಾಂಬ್ಟನ್ ತನ್ನ ಸರಪಳಿಯನ್ನ ಮತ್ತೆ ಮತ್ತೆ ಪರೀಕ್ಷೆ ಮಾಡ್ತಿದ್ದ, ಯಾಕಂದ್ರೆ ಉಂಗುರಗಳು ಸವೆದು ಸರಪಳಿ ಉದ್ದ ಆಗುತ್ತೆ. ಉದ್ದವಾದ ಸರಪಳಿಯಿಂದ ಅಳೆದರೆ ಇರುವ ನೆಲ ಕಮ್ಮಿ ತೋರಿಸುತ್ತೆ. ನಾನು ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಿದೆ. 33 ಅಡಿ ಅಂದ್ರೆ 396 ಅಂಗುಲ. ಒಂದೇ ಒಂದು ಅಂಗುಲ ಸವೆದು ಹಿಗ್ಗಿದ್ದರೆ ಉದ್ದದಲ್ಲಿ ನೂರಕ್ಕೆ ಕಾಲು ಭಾಗ, ವಿಸ್ತೀರ್ಣದಲ್ಲಿ ನೂರಕ್ಕೆ ಅರ್ಧ. ಎಂಬತ್ತು ಗುಂಟೆಗೆ 0.4 ಗುಂಟೆ. ನಾನೂರು ಚದರಡಿಗೂ ಮೇಲೆ, ಬೆಂಗಳೂರಿನಲ್ಲಿ ಅಷ್ಟರಲ್ಲಿ ಒಂದು ಬೆಡ್‌ರೂಮಿನ ಮನೆ ಬಾಡಿಗೆಗೆ ಕೊಡ್ತಾರೆ. ದೊಡ್ಡಪ್ಪನ ಹೊಲವನ್ನೂ ಅದೇ ಸರಪಳಿಯಿಂದ ಅಳೆದಿದ್ದರೆ ಅವರದೂ ಕಮ್ಮಿ ಬರ್ತಿತ್ತೇನೋ. ದುಡ್ಡು ಕಟ್ಟಿದ್ದು ನಮಗೆ ಮಾತ್ರ, ಅಳೆದದ್ದೂ ನಮ್ಮದು ಮಾತ್ರ. ಆ ಸರಪಳಿ ಸವೆದಿತ್ತು ಅಂತ ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಸವೆದಿರಲಿಲ್ಲ ಅನ್ನೋದಕ್ಕೂ ಇಲ್ಲ. ಅಪ್ಪನಿಗೆ ಹೇಳೋದೋ ಬೇಡವೋ ಅಂತ ವರ್ಷಗಟ್ಟಲೆ ಸುಮ್ಮನಿದ್ದೆ.

ಅಪ್ಪ ಕಣ್ಣಿನ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಬಂದಿದ್ದರು. ಪಟ್ಟಿ ಬಿಚ್ಚಿ ವಾರ ಆದ ಮೇಲೆ, ಸುಮ್ಮನೆ ಒಂದು ಸುತ್ತು ಅಂತ ಕಾರಿನಲ್ಲಿ ಕಣ್ಣೂರಿಗೆ ಕರಕೊಂಡು ಹೋದೆ. ಅಲ್ಲಿದ್ದ ಸರ್ವೆ ಗೋಪುರ 1868ರಿಂದ ನಿಂತಿದ್ದದ್ದು 2024ರಲ್ಲಿ ಕುಸಿದುಹೋಗಿತ್ತು. ನಾವು ನೋಡಿದ್ದು ರಾಶಿ ಅಷ್ಟೇ. ಕಪ್ಪು ಕನ್ನಡಕ ಹಾಕಿಕೊಂಡೇ ಅಪ್ಪ ಅದನ್ನ ಒಂದು ಸುತ್ತು ಹಾಕಿದರು. ನಾನು ಲ್ಯಾಂಬ್ಟನ್ ಕತೆ ಹೇಳಿದೆ, 28 ಪೌಂಡಿನ ತೂಕದ್ದು ಹೇಳಿದೆ, ಕೋಲ್ಬಿಯ ಹಿತ್ತಾಳೆ ಪಟ್ಟಿದು ಹೇಳಿದೆ. "ಇಂಗ್ಲಿಷರ ಕಲ್ಲು ಸುಳ್ಳು ಹೇಳಲ್ಲ" ಅಂದರು, ಯಾವಾಗಲೂ ಹೇಳೋ ಹಾಗೆ. ಆಮೇಲೆ ಸರಪಳಿ ಸವೆಯೋದನ್ನ ಹೇಳಿದೆ. ಒಂದು ಅಂಗುಲಕ್ಕೆ ಎಷ್ಟು ಗುಂಟೆ ಅಂತ ಹೇಳಿದೆ. ನಮ್ಮ ಹೊಲದ ಹೆಸರು ಎತ್ತಲಿಲ್ಲ. ಎತ್ತಬೇಕಾಗಿರಲಿಲ್ಲ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಒಂದು ಇಟ್ಟಿಗೆಯನ್ನ ಚಪ್ಪಲಿಯಿಂದ ಸರಿಸಿ, ಅದರ ಕೆಳಗೆ ಏನಾದರೂ ಗುರುತಿನ ಕಲ್ಲು ಇದೆಯಾ ಅಂತ ಬಗ್ಗಿ ನೋಡಿದರು. ಆಪರೇಷನ್ ಆದವರು ಬಗ್ಗಬಾರದು ಅಂತ ಡಾಕ್ಟರ್ ಹೇಳಿದ್ದರು, ನಾನು ತೋಳು ಹಿಡಿದೆ.

"ಇದು ಯಾವ ಸರ್ವೆ ನಂಬರಲ್ಲಿ ಬರುತ್ತೆ, ಕೇಳ್ದಾ ಯಾರನ್ನಾದ್ರೂ?" ಅಂದರು.